ನಲವತ್ತು ಸಾವಿರದ ಬ್ಲೆಂಡರ್ ನಮ್ಮ ಅಡುಗೆಮನೆಗೆ ಬೇಕಾ?

(ಮಿಕ್ಸಿ, ಗ್ರೈಂಡರ್, ಕುಕ್ಕರ್ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳಿಗೆ, ತುಮಕೂರಿನಲ್ಲಿ ರಿಪೇರಿ ಅಂಗಡಿ ನಡೆಸುವ ನಮ್ಮ ಅಂಕಣಕಾರ್ತಿ ಇಲ್ಲಿ ಉತ್ತರಿಸುತ್ತಾರೆ.)

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಪ್ರೈಮರಿ ಸ್ಕೂಲ್ ಟೀಚರ್. ಮನೆಯಲ್ಲಿ ನಾನು, ಯಜಮಾನರು, ಅತ್ತೆ, ಮೂರೇ ಜನ. ನಮ್ಮ 500 ವ್ಯಾಟ್ ಮಿಕ್ಸಿ ಹಳೆಯದು. ಎಷ್ಟು ತಿರುಗಿಸಿದರೂ ಹುಳಿ ಮಸಾಲೆಯಲ್ಲಿ ಮೆಣಸಿನಕಾಯಿ ಸಿಪ್ಪೆ ಬಾಯಿಗೆ ಸಿಗುತ್ತದೆ. ನಡುನಡುವೆ ನಿಂತೂ ಹೋಗುತ್ತದೆ. ಡಲ್ಲಾಸ್‌ನಲ್ಲಿರುವ ಮಗ ದಸರಾಕ್ಕೆ ಬರುವಾಗ ಅಲ್ಲಿನ ಹೈ ಪವರ್ ಬ್ಲೆಂಡರ್ ತರುತ್ತೇನೆ ಎನ್ನುತ್ತಿದ್ದಾನೆ. ನಮ್ಮ ದುಡ್ಡಿನಲ್ಲಿ ನಲವತ್ತು ಸಾವಿರದ ಹತ್ತಿರವಂತೆ. "ಮಿಕ್ಸಿ, ಗ್ರೈಂಡರ್ ಎರಡನ್ನೂ ಅಟ್ಟಕ್ಕೆ ಹಾಕಮ್ಮ, ಇದೊಂದೇ ಸಾಕು" ಅಂತಾನೆ. ಅತ್ತೆಗೆ ಲಕ್ವ ಹೊಡೆದ ಮೇಲೆ ನುಂಗುವುದು ಕಷ್ಟ. ಊಟವನ್ನೆಲ್ಲ ನುಣ್ಣಗೆ ಮಾಡಿಯೇ ಕೊಡಬೇಕು. ಅವರಿಗೋಸ್ಕರವಾದರೂ ತರಿಸಲೇ?
— ಶಿವಮೊಗ್ಗದ ಒಬ್ಬ ಓದುಗರು

ಉತ್ತರ: ಮೇಡಂ, ಮಗ ಅಲ್ಲಿ ದುಡ್ಡು ಕೊಡುವ ಮೊದಲೇ ಕೇಳಿದಿರಿ, ಒಳ್ಳೆಯದಾಯಿತು. ತರಿಸಬೇಡಿ. ಇವತ್ತೇ ಫೋನ್ ಮಾಡಿ ಹೇಳಿಬಿಡಿ.

ಮೊದಲನೆಯ ಕಾರಣ ಕರೆಂಟು. ಅಮೆರಿಕದ ಮನೆಗಳಿಗೆ ಬರುವುದು 120 ವೋಲ್ಟ್, ನಮ್ಮಲ್ಲಿ 230. ಅಲ್ಲಿನ ಮನೆಗೆಂದು ಮಾಡಿದ ಬ್ಲೆಂಡರನ್ನು ಪಿನ್ನು ಬದಲಿಸಿ ನಮ್ಮ ಸಾಕೆಟ್ಟಿಗೆ ಹಾಕಿದರೆ ಮೋಟಾರು ಉಳಿಯುವುದಿಲ್ಲ. ಹಾಗೆ ಸುಟ್ಟುಹೋದ ಯಂತ್ರಗಳು ನನ್ನ ಅಂಗಡಿಗೆ ಬಂದಿವೆ. ಬಿಚ್ಚಿದರೆ ಸುತ್ತಿದ ತಂತಿಯೆಲ್ಲ ಕಪ್ಪಗಾಗಿ, ವಾರ್ನಿಷ್ ಸುಟ್ಟ ವಾಸನೆ ಅಂಗಡಿ ತುಂಬುತ್ತದೆ. ಆ ಅಳತೆಯ ಮೋಟಾರು ಇಲ್ಲಿ ಸಿಗದೆ ಅವನ್ನು ಹಾಗೇ ವಾಪಸು ಕೊಟ್ಟಿದ್ದೇನೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟುಕೊಂಡು, 230ನ್ನು 120ಕ್ಕೆ ಇಳಿಸಿ, ಓಡಿಸಬಹುದು, ನಿಜ. ಆದರೆ 1400 ವ್ಯಾಟಿನ ಯಂತ್ರಕ್ಕೆ 2000 ವ್ಯಾಟಿನದಾದರೂ ಬೇಕು. ಅದನ್ನು ಎತ್ತಲು ಎರಡು ಕೈ ಬೇಕು, ಇಡಲು ಕಟ್ಟೆಯ ಮೇಲೆ ಇನ್ನೊಂದು ಮಿಕ್ಸಿಯಷ್ಟು ಜಾಗ ಬೇಕು. ಪ್ರಯಾಣಕ್ಕೆಂದು ಮಾರುವ ಅಂಗೈಯಗಲದ ಕನ್ವರ್ಟರ್ ಇಂಥ ಮೋಟಾರಿಗೆ ಆಗುವುದಿಲ್ಲ, ಅದನ್ನು ನಂಬಿ ಮಗ ತಂದುಬಿಟ್ಟಾನು. ಅಲ್ಲಿ ಕೊಂಡದ್ದಕ್ಕೆ ಇಲ್ಲಿ ವಾರಂಟಿಯನ್ನೂ ನೆಚ್ಚಿಕೊಳ್ಳುವ ಹಾಗಿಲ್ಲ.

"ಹಾಗಾದರೆ ನಮ್ಮ ವೋಲ್ಟೇಜಿನದನ್ನೇ ಇಲ್ಲಿ ಕೊಳ್ಳೋಣ" ಎಂದು ಅವನು ಹೇಳಬಹುದು. ಅದಕ್ಕೂ ನಿಮ್ಮ ಮನೆಯ ಮಟ್ಟಿಗೆ ನನ್ನ ಉತ್ತರ ಬೇಡ ಎಂದೇ.

ಆ ಯಂತ್ರಗಳು ಕೆಟ್ಟವಲ್ಲ. ಓಹಾಯೋದ ವೈಟಾಮಿಕ್ಸ್ ಕಂಪನಿ ಶುರುವಾದದ್ದು 1921ರಲ್ಲಿ, 1937ರಿಂದ ಬ್ಲೆಂಡರ್ ಮಾರುತ್ತಿದೆ. ಅವರ ಮೋಟಾರು ಗಟ್ಟಿ. ನೆನೆಸಿದ ಬಾದಾಮಿ, ಹಸಿ ಕ್ಯಾರೆಟ್, ಐಸು, ಸೊಪ್ಪಿನ ದಂಟು ಏನು ಹಾಕಿದರೂ ನಾಲಿಗೆಗೆ ತರಿ ಸಿಗದ ಹಾಗೆ ಮಾಡಿಕೊಡುತ್ತದೆ. ಬ್ಲೇಡ್ ಅಷ್ಟೇನೂ ಹರಿತವಿರುವುದಿಲ್ಲ, ವೇಗದಿಂದ ಬಡಿದೇ ಪುಡಿ ಮಾಡುತ್ತದೆ. ಐದಾರು ನಿಮಿಷ ಓಡಿಸಿದರೆ ಆ ಬಡಿತದ ಬಿಸಿಗೇ ಸೂಪು ಹಬೆಯಾಡುತ್ತದೆ. ಅಲ್ಲಿನವರ ಅಡುಗೆಗೆ, ಅಂದರೆ ಸೂಪು, ಸ್ಮೂದಿ, ಹಣ್ಣಿನ ರಸಕ್ಕೆ ಅದು ಹೇಳಿ ಮಾಡಿಸಿದ್ದು.

ನಮ್ಮ ಅಡುಗೆಗೆ ಬೇಕಾದದ್ದು ಬೇರೆ. ನಿಮ್ಮ ಮೂರು ಜನರಿಗೆ ಬೆಳಗಿನ ಚಟ್ನಿ ಎಂದರೆ ಅರ್ಧ ಹೋಳು ಕಾಯಿ, ಒಂದು ಹಿಡಿ ಹುರಿಗಡಲೆ, ಎರಡು ಹಸಿಮೆಣಸಿನಕಾಯಿ, ಚೂರು ಶುಂಠಿ. ಅದನ್ನು ಎರಡು ಲೀಟರ್ ಹಿಡಿಯುವ ಎತ್ತರದ ಜಾರಿಗೆ ಹಾಕಿ ನೋಡಿ. ಒಂದು ಸಲ ಬರ್ರೆಂದು ಎಲ್ಲ ಗೋಡೆಗೆ ಎರಚಿಕೊಳ್ಳುತ್ತದೆ, ನಡುವೆ ಟೊಳ್ಳಾಗಿ ಬ್ಲೇಡು ಬರಿದೇ ತಿರುಗುತ್ತದೆ. ಆ ಯಂತ್ರದ ಜೊತೆ ಒತ್ತುವುದಕ್ಕೆಂದೇ ಒಂದು ಕೋಲು ಕೊಟ್ಟಿರುತ್ತಾರೆ. ಅಷ್ಟು ಕಡಿಮೆ ಪದಾರ್ಥಕ್ಕೆ ಆ ಕೋಲೂ ಎಟುಕುವುದಿಲ್ಲ. ನೀರು ಹಾಕಿದರೆ ತಿರುಗುತ್ತದೆ, ಚಟ್ನಿ ಮಾತ್ರ ನೀರಾಗುತ್ತದೆ. ಸುಳಿ ಎದ್ದು ಮೇಲಿನದು ನಡುವಿನಿಂದ ಕೆಳಗಿಳಿಯುತ್ತಾ ಇದ್ದರೆ ಮಾತ್ರ ಬ್ಲೆಂಡರ್ ಕೆಲಸ ಮಾಡುವುದು, ಸುಳಿ ಏಳಲು ನೀರೂ ಬೇಕು, ಅಳತೆಯೂ ಬೇಕು. ನಮ್ಮ ಚಟ್ನಿ ಜಾರಿನಲ್ಲಿ ಬ್ಲೇಡು ತಳಕ್ಕೆ ಅಂಟಿದಂತೆ ಕೂತಿರುತ್ತದೆ, ಬಾಯಿ ಸಣ್ಣದು, ಗೋಡೆ ಹತ್ತಿರ. ಒಂದು ಹಿಡಿ ಪದಾರ್ಥವೂ ತಪ್ಪಿಸಿಕೊಂಡು ಹೋಗಲು ಜಾಗವಿಲ್ಲ. ಉಪ್ಸಾರಿನ ಖಾರ, ಬಸ್ಸಾರಿನ ಮಸಾಲೆ, ತಂಬುಳಿ, ಗೊಜ್ಜು, ನಮ್ಮ ಮನೆಗಳಲ್ಲಿ ದಿನಾ ರುಬ್ಬುವುದೆಲ್ಲ ಇಂಥ ಹಿಡಿ, ಒಂದೂವರೆ ಹಿಡಿ ಲೆಕ್ಕದ್ದೇ.

ನಮ್ಮ ಮಿಕ್ಸಿ ಹುಟ್ಟಿದ್ದೇ ಈ ಕಷ್ಟದಿಂದ. ಮುಂಬೈಯಲ್ಲಿ ಇಂಜಿನಿಯರ್ ಆಗಿದ್ದ ಸತ್ಯಪ್ರಕಾಶ್ ಮಾಥುರ್ ಅವರ ಮನೆಯಲ್ಲಿ ವಿದೇಶಿ ಮಿಕ್ಸರ್ ಇತ್ತು. ನಮ್ಮ ರುಬ್ಬುವ ಕೆಲಸಕ್ಕೆ ಅದು ತಾಳದೆ ಕೆಟ್ಟಿತು, ಇಲ್ಲಿ ರಿಪೇರಿಯೂ ಆಗಲಿಲ್ಲ. ಪತ್ನಿ ಮಾಧುರಿ ಅವರ ಒತ್ತಾಯಕ್ಕೆ ಅವರು ನಮ್ಮ ಅಡುಗೆಗೆ ತಕ್ಕದ್ದನ್ನು ತಾವೇ ಮಾಡಲು ಹೊರಟರು. 1963ರಲ್ಲಿ ಬಂದ ಸುಮೀತ್ ಮಿಕ್ಸಿ ಅದೇ. ಒಣ ಅರಿಶಿನದ ಕೊಂಬು, ನೆನೆಸಿದ ಅಕ್ಕಿ, ಕಾಯಿ ಮೂರಕ್ಕೂ ಒಂದೇ ಮೋಟಾರು ತಾಳಬೇಕು ಎಂಬ ಹಟ ಆ ಯಂತ್ರದಲ್ಲಿತ್ತು. ಈಗಲೂ ಹಳೇ ಸುಮೀತ್ ನನ್ನ ಮೇಜಿಗೆ ಬಂದರೆ ನಾನು ಬೇರೆ ಕೆಲಸ ಪಕ್ಕಕ್ಕಿಟ್ಟು ಅದನ್ನೇ ಮೊದಲು ಬಿಚ್ಚುತ್ತೇನೆ.

ಗ್ರೈಂಡರನ್ನಂತೂ ಅಟ್ಟಕ್ಕೆ ಹಾಕಬೇಡಿ. ಇಡ್ಲಿಗೆ ಉದ್ದು ನುಣ್ಣಗಾದರೆ ಸಾಲದು, ಉಬ್ಬಬೇಕು. ಕಲ್ಲು ನಿಧಾನಕ್ಕೆ ತಿರುಗುತ್ತಾ ಹಿಟ್ಟಿಗೆ ಗಾಳಿ ಸೇರಿಸುತ್ತದೆ, ಹೆಚ್ಚು ಬಿಸಿಯಾಗುವುದಿಲ್ಲ. ಬ್ಲೇಡಿನ ವೇಗಕ್ಕೆ ಹಿಟ್ಟು ಬೆಚ್ಚಗಾಗುತ್ತದೆ, ಎಷ್ಟು ಐಸ್ ನೀರು ಹಾಕಿದರೂ ಗ್ರೈಂಡರಿನ ಹದ ಬರುವುದಿಲ್ಲ. ದೋಸೆಗೆ, ನೀರುದೋಸೆಗೆ ಬ್ಲೆಂಡರ್ ಚೆನ್ನಾಗಿಯೇ ಆಗುತ್ತದೆ. ಇಡ್ಲಿಗೆ ಕೊಯಮತ್ತೂರಿನ ಕಲ್ಲೇ.

ಈಗ ನಿಮ್ಮ ಹಳೇ ಮಿಕ್ಸಿಯ ವಿಚಾರ. ನೀವು ಹೇಳಿದ ಎರಡು ತೊಂದರೆಯೂ ಬಹಳ ಸಲ ಮೋಟಾರಿನದ್ದಾಗಿರುವುದಿಲ್ಲ, ಜಾರಿನದ್ದು. ಜಾರನ್ನು ಬೋರಲು ಹಾಕಿ, ಕೆಳಗಿನ ಕಪ್ಲರನ್ನು, ಅಂದರೆ ಮೋಟಾರಿಗೆ ಕೂರುವ ಹಲ್ಲಿನ ಬಿಲ್ಲೆಯನ್ನು, ಬೆರಳಲ್ಲಿ ತಿರುಗಿಸಿ. ಸಲೀಸಾಗಿ ತಿರುಗಬೇಕು. ಜಗ್ಗಿ ಜಗ್ಗಿ ತಿರುಗಿದರೆ ಬುಷ್, ಅಂದರೆ ಬ್ಲೇಡಿನ ಕಂಬಿ ಕೂರುವ ಲೋಹದ ಬಳೆ, ಹಿಡಿದುಕೊಂಡಿದೆ. ಒಳಗಿನ ಬ್ಲೇಡನ್ನು ಹಿಡಿದು ಅತ್ತಿತ್ತ ಅಲ್ಲಾಡಿಸಿ. ಕಟಕಟ ಎಂದರೆ ಬುಷ್ ಸವೆದಿದೆ, ಬ್ಲೇಡು ನೆಟ್ಟಗೆ ನಿಲ್ಲುತ್ತಿಲ್ಲ, ಸಿಪ್ಪೆ ಉಳಿಯುವುದು ಅದಕ್ಕೇ. ಆಮೇಲೆ ಜಾರಿಗೆ ಅರ್ಧ ನೀರು ತುಂಬಿ ಹಳೇ ಪೇಪರ್ ಮೇಲೆ ಒಂದು ಗಂಟೆ ಇಡಿ. ಎತ್ತಿದಾಗ ಪೇಪರ್ ಮೇಲೆ ಒದ್ದೆ ಉಂಗುರ ಕಂಡರೆ ವಾಷರ್ ಹೋಗಿದೆ ಎಂದರ್ಥ. ಆ ನೀರು ಇಳಿಯುವುದು ಮೋಟಾರಿನ ತಲೆಗೇ, ಹಾಗಾಗಿ ಅಂಥ ಜಾರನ್ನು ಒಂದು ದಿನವೂ ಬಳಸಬೇಡಿ. ನಾನು ಬಿಚ್ಚುವ ಜಾರುಗಳಲ್ಲಿ ಬುಷ್ ಸುತ್ತ ಕಪ್ಪು ಜಿಡ್ಡು ಗಟ್ಟಿಯಾಗಿ ಕೂತಿರುತ್ತದೆ. ಕಾಯಿಯ ಎಣ್ಣೆ, ಹುಣಸೆಹುಳಿ, ಲೋಹದ ಪುಡಿ ಸೇರಿ ಆದ ಮಣ್ಣು ಅದು. ಬ್ಲೇಡು ತಿರುಗದಂತೆ ಹಿಡಿಯುವುದು ಅದೇ.

ನಡುವೆ ನಿಂತುಹೋದಾಗ ಮಿಕ್ಸಿಯ ತಳದಲ್ಲೋ ಪಕ್ಕದಲ್ಲೋ ಒಂದು ಕೆಂಪು ಗುಂಡಿ ಹೊರಗೆ ಬಂದಿರುತ್ತದೆ. ಅದು ಓವರ್‌ಲೋಡ್ ಸ್ವಿಚ್, ಮೋಟಾರನ್ನು ಉಳಿಸುವುದಕ್ಕೇ ಇಟ್ಟದ್ದು. ಸ್ವಿಚ್ ಆರಿಸಿ, ಜಾರು ತೆಗೆದು, ಐದು ನಿಮಿಷ ಬಿಟ್ಟು ಒತ್ತಿ. ಮತ್ತೆ ಮತ್ತೆ ಹಾರುತ್ತಿದ್ದರೆ ಬುಷ್ ಹಿಡಿದಿದೆ, ಇಲ್ಲವೆ ನೀವು ಗಟ್ಟಿ ಪದಾರ್ಥ ತುಂಬಾ ತುಂಬುತ್ತಿದ್ದೀರಿ. ಗಾಳಿಯ ಕಿಂಡಿಯಲ್ಲಿ ನೀಲಿ ಕಿಡಿ ಜಾಸ್ತಿ ಕಂಡು ವೇಗ ಇಳಿದಿದ್ದರೆ ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿರುತ್ತದೆ. ಬುಷ್, ವಾಷರ್, ಕಪ್ಲರ್, ಬ್ರಷ್ ಎಲ್ಲ ಹೊಸದು ಹಾಕಿಸಿದರೂ ನಮ್ಮ ಕಡೆ ಸಾವಿರ ರೂಪಾಯಿ ದಾಟುವುದಿಲ್ಲ. ಮೊದಲು ಅದನ್ನು ಮಾಡಿಸಿ.

ಮೆಣಸಿನಕಾಯಿ ಸಿಪ್ಪೆಗೆ ಇನ್ನೊಂದು ಮಾತು. ಬ್ಯಾಡಗಿ ಮೆಣಸಿನಕಾಯಿ ಸುಕ್ಕು ಸುಕ್ಕು, ಹುರಿದ ಹಾಗೇ ಹಾಕಿದರೆ ಚೂರಾಗುತ್ತದೆಯೇ ಹೊರತು ನುಣ್ಣಗಾಗುವುದಿಲ್ಲ. ಬಿಸಿನೀರಲ್ಲಿ ಕಾಲು ಗಂಟೆ ನೆನೆಸಿ. ಮೊದಲು ಕೊತ್ತಂಬರಿ ಬೀಜ, ಜೀರಿಗೆಯಂಥ ಒಣ ಪದಾರ್ಥವನ್ನು ನೀರಿಲ್ಲದೆ ಪುಡಿ ಮಾಡಿ. ಆಮೇಲೆ ನೆನೆದ ಮೆಣಸಿನಕಾಯಿ. ಅದು ಪೇಸ್ಟ್ ಆದ ಮೇಲೆ ಕಾಯಿ, ಆಮೇಲೆ ನೀರು, ಅದೂ ಚಮಚ ಚಮಚವಾಗಿ. ಎಲ್ಲ ಒಟ್ಟಿಗೆ ಹಾಕಿ ಒಂದು ಲೋಟ ನೀರು ಸುರಿದರೆ ಬೀಜಗಳು ತೇಲುತ್ತಾ ಬ್ಲೇಡಿನಿಂದ ತಪ್ಪಿಸಿಕೊಳ್ಳುತ್ತವೆ. ಬ್ಲೆಂಡರಿನಲ್ಲಿ ಇದು ಪೂರ್ತಿ ತಿರುಗಾಮುರುಗಾ, ಅಲ್ಲಿ ನೀರೇ ಮೊದಲು, ಗಟ್ಟಿಯದ್ದು ಕೊನೆಗೆ. ನಮ್ಮ ಕೈಗೆ ಕೂತ ಕ್ರಮ ಅಲ್ಲಿ ನಡೆಯುವುದಿಲ್ಲ.

ಇನ್ನು ಅತ್ತೆಯವರ ಊಟ. ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಇದೇ. ಅವರಿಗೆ ಒಂದು ಹೊತ್ತಿಗೆ ಬೇಕಾದದ್ದು ಒಂದು ಬಟ್ಟಲು. ದೊಡ್ಡ ಬ್ಲೆಂಡರಿನಲ್ಲಿ ಒಂದು ಬಟ್ಟಲು ಅನ್ನ-ಬೇಳೆ ತಳಕ್ಕೂ ಸಾಲುವುದಿಲ್ಲ. ತಿರುಗಲೆಂದು ನೀರು ಬೆರೆಸುತ್ತೀರಿ, ತೆಳ್ಳಗಾಗುತ್ತದೆ. ಲಕ್ವ ಆಗಿ ನುಂಗಲು ಕಷ್ಟವಾದವರಲ್ಲಿ ಅನೇಕರಿಗೆ ಅಪಾಯ ಇರುವುದೇ ತೆಳ್ಳಗಿನದರಲ್ಲಿ. ನೀರಿನಂತಿದ್ದರೆ ಸರಕ್ಕನೆ ಜಾರಿ ಅನ್ನನಾಳಕ್ಕೆ ಹೋಗುವ ಬದಲು ಶ್ವಾಸನಾಳಕ್ಕೆ ಹೋಗಬಹುದು, ಅದರಿಂದ ನ್ಯುಮೋನಿಯಾ ಆಗುವುದೂ ಉಂಟು. ಎಷ್ಟು ಮಂದ ಇರಬೇಕು ಎಂದು ಹೇಳಬೇಕಾದವರು ಡಾಕ್ಟರು, ಇಲ್ಲವೆ ನುಂಗುವಿಕೆ ನೋಡುವ ಸ್ಪೀಚ್ ಥೆರಪಿಸ್ಟ್. ಒಮ್ಮೆ ಅವರ ಮುಂದೆಯೇ ಒಂದು ಚಮಚ ತಿನ್ನಿಸಿ ತೋರಿಸಿ, ಹದ ಕೇಳಿಕೊಂಡು ಬನ್ನಿ. ಊರಲ್ಲಿ ಇಲ್ಲದಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ಯಂತ್ರದ ಮಟ್ಟಿಗೆ ನಿಮಗೆ ಸಾಕಾಗುವುದು 750 ವ್ಯಾಟಿನ ಒಂದು ಒಳ್ಳೇ ಮಿಕ್ಸಿ, ಮಧ್ಯದ ಜಾರು, ಒಂದು ಸ್ಟೀಲ್ ಜರಡಿ. ಅನ್ನ, ಬೇಳೆ, ತರಕಾರಿಯನ್ನು ಕುಕ್ಕರಿನಲ್ಲಿ ಎರಡು ವಿಷಲ್ ಜಾಸ್ತಿ ಕೂಗಿಸಿ, ಉಗುರುಬೆಚ್ಚಗಾದ ಮೇಲೆ ರುಬ್ಬಿ, ಜರಡಿಯಲ್ಲಿ ಚಮಚದಿಂದ ಒತ್ತಿ ಸೋಸಿ. ಬೀನ್ಸ್ ನಾರು, ಟೊಮೆಟೊ ಸಿಪ್ಪೆ, ಬೇಳೆ ಸಿಪ್ಪೆ ಎಲ್ಲ ಜರಡಿಯಲ್ಲಿ ಉಳಿಯುತ್ತದೆ. ಯಾವ ಬ್ಲೆಂಡರ್ ಇದ್ದರೂ ಲಕ್ವದವರಿಗೆ ಕೊಡುವಾಗ ಈ ಜರಡಿ ಬಿಡಬೇಡಿ. ತೆಳ್ಳಗಾಗಿದ್ದರೆ ರಾಗಿ ಗಂಜಿಯನ್ನೋ ಗಟ್ಟಿಯಾಗಿ ಬೆಂದ ಅಕ್ಕಿ ಗಂಜಿಯನ್ನೋ ಬೆರೆಸಿ ಮಂದ ಮಾಡಿ. ಬಿಸಿಬಿಸಿಯದನ್ನು ಜಾರಿಗೆ ಹಾಕಲೇಬೇಡಿ, ಹಬೆ ಒತ್ತಿ ಮುಚ್ಚಳ ಹಾರಿ ಮುಖ, ಕೈ ಸುಟ್ಟುಕೊಂಡವರನ್ನು ನೋಡಿದ್ದೇನೆ. ಅತ್ತೆಯವರ ಜಾರನ್ನು ಬೇರೆ ಇಡಿ, ಖಾರ ರುಬ್ಬಿದ ಜಾರಿನ ಘಾಟು ಎಷ್ಟು ತೊಳೆದರೂ ಹೋಗುವುದಿಲ್ಲ, ಕೆಮ್ಮು ಬರಿಸುತ್ತದೆ.

ಹೊಸ ಮಿಕ್ಸಿ ತೆಗೆದುಕೊಳ್ಳುವುದಾದರೆ ಐಎಸ್‌ಐ ಗುರುತು ನೋಡಿ. ನಿಮ್ಮ ಊರಲ್ಲೇ ಅದರ ಜಾರು, ಕಪ್ಲರ್ ಸಿಗುತ್ತದೆಯೇ ಎಂದು ಅಂಗಡಿಯವರನ್ನು ಕೇಳಿ, ಸಾಧ್ಯವಾದರೆ ತೋರಿಸಿ ಎನ್ನಿ. ನಾಲ್ಕರಿಂದ ಆರು ಸಾವಿರದೊಳಗೆ ಮುಗಿಯುತ್ತದೆ. ಮಗನಿಗೆ ಅಜ್ಜಿಗೆ ಏನಾದರೂ ಮಾಡಲೇಬೇಕು ಎಂಬ ಆಸೆ ಇದೆ, ದೊಡ್ಡ ಮನಸ್ಸು. ಉಳಿದ ದುಡ್ಡಿನಲ್ಲಿ ನುಂಗುವ ವ್ಯಾಯಾಮ ಕಲಿಸುವ ಥೆರಪಿಸ್ಟ್ ಹತ್ತಿರ ಕೆಲವು ತಿಂಗಳು ಕರೆದುಕೊಂಡು ಹೋಗಲು ಹೇಳಿ. ಅಜ್ಜಿಗೆ ಅದರಿಂದಾಗುವ ಉಪಕಾರ ಯಾವ ಯಂತ್ರದಿಂದಲೂ ಆಗದು.

ಪ್ರಶ್ನೆ: ನಾವು ಬೆಂಗಳೂರಿನಲ್ಲಿ ನಾಲ್ಕು ಜನ. ದಿನಾ ಬೆಳಿಗ್ಗೆ ಎಲ್ಲರಿಗೂ ಸ್ಮೂದಿ, ವಾರಕ್ಕೆ ಮೂರು ನಾಲ್ಕು ಸಲ ಬಾದಾಮಿ ಹಾಲು, ರಾಗಿ ಹಾಲು. ಮಗಳಿಗೆ ಹಾಲು ಒಗ್ಗುವುದಿಲ್ಲ. ಮಿಕ್ಸಿಯಲ್ಲಿ ಮಾಡಿದರೆ ಸೋಸಿ ಸೋಸಿ ಸಾಕಾಗುತ್ತದೆ. ಲೋಟದಂಥ ಸಣ್ಣ ಬ್ಲೆಂಡರ್ ಸಾಕೇ, ದೊಡ್ಡದೇ ಬೇಕೇ? ಒಂದರ ಮೇಲೆ 3 ಎಚ್‌ಪಿ ಎಂದು ಬರೆದಿದೆ. ಅದು ಒಳ್ಳೆಯದೇ?

ಉತ್ತರ: ನಿಮ್ಮ ಮನೆಗೆ ದೊಡ್ಡ ಬ್ಲೆಂಡರ್ ತಕ್ಕದ್ದು, ಧೈರ್ಯವಾಗಿ ತೆಗೆದುಕೊಳ್ಳಿ. ನೀರಿನ ಪದಾರ್ಥ, ಲೀಟರ್ ಲೆಕ್ಕದಲ್ಲಿ, ದಿನಾ. ಈ ಮೂರೂ ಸೇರಿದಾಗ ಅಷ್ಟು ದುಡ್ಡು ಹಾಕುವುದರಲ್ಲಿ ಅರ್ಥವಿದೆ. ಮೊಳಕೆ ರಾಗಿಯನ್ನು ಅದರಲ್ಲಿ ರುಬ್ಬಿದರೆ ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿಯುವ ಚರಟ ಬಹಳ ಕಡಿಮೆ, ಹಾಲು ದಪ್ಪ. ಹಾಲುಬಾಯಿ ಮಾಡುವವರಿಗೆ ಅದರ ಬೆಲೆ ಗೊತ್ತು. ಲೋಟದ ಬ್ಲೆಂಡರ್ ಒಬ್ಬರಿಗೆ ಸರಿ, ನಾಲ್ವರಿಗೆ ನಾಲ್ಕು ಸಲ ತಿರುಗಿಸುವಷ್ಟರಲ್ಲಿ ಮೋಟಾರು ಬಿಸಿಯಾಗುತ್ತದೆ. ಮುಚ್ಚಿದ ಲೋಟದಲ್ಲಿ ಬಿಸಿ ಏನನ್ನೂ ಹಾಕಬಾರದು.

3 ಎಚ್‌ಪಿ ನೋಡಿ ಮಾರುಹೋಗಬೇಡಿ. ಒಂದು ಎಚ್‌ಪಿ (ಹಾರ್ಸ್‌ಪವರ್, ಮೋಟಾರಿನ ಬಲದ ಅಳತೆ) ಎಂದರೆ 746 ವ್ಯಾಟ್, ಮೂರಕ್ಕೆ 2,200ರ ಮೇಲಾಯಿತು. ಅಮೆರಿಕದ ಮನೆಯ ಸಾಮಾನ್ಯ ಪ್ಲಗ್ಗಿನಲ್ಲಿ 120 ವೋಲ್ಟ್, 15 ಆಂಪ್, ಒಟ್ಟು 1,800 ವ್ಯಾಟ್ ಬಿಟ್ಟರೆ ಹೆಚ್ಚು ಸಿಗುವುದೇ ಇಲ್ಲ. ಹಾಗಿದ್ದೂ ಅಲ್ಲಿ ಮಾರುವ ಡಬ್ಬಿಯ ಮೇಲೆ 3 ಎಚ್‌ಪಿ ಎಂದು ಬರೆಯುತ್ತಾರೆಂದರೆ ಅದು ಕ್ಷಣಮಾತ್ರದ ಗರಿಷ್ಠ ಲೆಕ್ಕ. ತಳದ ಚೀಟಿಯಲ್ಲಿ ವ್ಯಾಟ್ ಎಷ್ಟಿದೆ ನೋಡಿ. 1,200ರಿಂದ 1,500 ಇದ್ದರೆ ನಿಮಗೆ ಧಾರಾಳ.

ಕೊಳ್ಳುವ ಮೊದಲು ಅಡುಗೆಮನೆಯ ಸಾಕೆಟ್ ನೋಡಿಕೊಳ್ಳಿ. ನಮ್ಮ ಸಣ್ಣ ಸಾಕೆಟ್ಟು 6 ಆಂಪ್‌ನದು, 230 ವೋಲ್ಟಿಗೆ ಲೆಕ್ಕ ಹಾಕಿದರೆ 1,380 ವ್ಯಾಟಿಗೆ ಮುಗಿಯಿತು. ಈ ಯಂತ್ರವನ್ನು ಗೀಸರ್, ಓವನ್ ಹಾಕುವ 16 ಆಂಪ್ ಸಾಕೆಟ್ಟಿಗೇ ಹಾಕಿ. ಸಣ್ಣ ಪಿನ್ನಿನ ಎಕ್ಸ್‌ಟೆನ್ಷನ್ ಬಾಕ್ಸ್ ಬೇಡ. ಕರೆಂಟ್ ಹೋದಾಗ ಮನೆಯ ಯುಪಿಎಸ್‌ನಲ್ಲಿ ಓಡಿಸಲು ಹೋಗಬೇಡಿ. ಬಿಲ್ಲಿನ ಚಿಂತೆ ಬಿಡಿ, 1,400 ವ್ಯಾಟನ್ನು ಮೂರು ನಿಮಿಷ ಓಡಿಸಿದರೆ ಒಂದು ಯೂನಿಟ್ಟಿನ ಹದಿನಾಲ್ಕನೇ ಒಂದು ಭಾಗ. ಸದ್ದು ಮಾತ್ರ ಜೋರು, ಬೆಳಗಿನ ಐದಕ್ಕೆ ಅಪಾರ್ಟ್‌ಮೆಂಟಿನಲ್ಲಿ ಹಾಕಿದರೆ ಪಕ್ಕದವರು ಬಾಗಿಲು ತಟ್ಟುತ್ತಾರೆ. ಮಿಕ್ಸಿಯನ್ನು ಮಾರಬೇಡಿ, ಚಟ್ನಿ, ಸಾರಿನ ಪುಡಿ ಅದರಲ್ಲೇ. ಸ್ಮೂದಿ ಜಾರಿನಲ್ಲಿ ಒಣ ಪದಾರ್ಥ ಪುಡಿ ಮಾಡಿದರೆ ಗೀರು ಬಿದ್ದು ಜಾರು ಮಂಕಾಗುತ್ತದೆ, ಒಣದಕ್ಕೆ ಬೇರೆ ಜಾರೇ ಮಾರುತ್ತಾರೆ. ಆ ಎರಡನೇ ಜಾರಿನ ಬೆಲೆ ಕೇಳಿಕೊಂಡು ಆಮೇಲೆ ಯಂತ್ರದ ಬೆಲೆ ಚೌಕಾಸಿ ಮಾಡಿ.

ಪ್ರಶ್ನೆ: ಮದುವೆಯಾಗಿ ನ್ಯೂಜೆರ್ಸಿಗೆ ಹೊರಟಿದ್ದೇನೆ ಅಕ್ಕಾ. ಅಮ್ಮ ಮಿಕ್ಸಿ ಕಟ್ಟಿಕೊಡುತ್ತೇನೆ ಅಂತಾರೆ, ನಮ್ಮವರು ಅಲ್ಲಿ ಬ್ಲೆಂಡರ್ ಇದೆ ಅಂತಾರೆ.

ಉತ್ತರ: ಅಮ್ಮನ ಮಾತು ಕೇಳಮ್ಮ. ಆದರೆ ಮನೆಯಲ್ಲಿರುವ ಮಿಕ್ಸಿ ಬೇಡ, ಅದು 230 ವೋಲ್ಟಿನದು, ಅಲ್ಲಿ ಅರೆಜೀವದಲ್ಲಿ ತಿರುಗುತ್ತದೆ. ಅಮೆರಿಕಕ್ಕೆಂದೇ 110 ವೋಲ್ಟ್ ಎಂದು ಬರೆದ, ಅಲ್ಲಿನ 120ಕ್ಕೂ ಒಗ್ಗುವ ಮಿಕ್ಸಿಗಳನ್ನು ನಮ್ಮ ಕಂಪನಿಗಳೇ ಮಾಡುತ್ತವೆ. 'ಪ್ರೀತಿ' ಹೆಸರಿನ ಬ್ರ್ಯಾಂಡಿನಂಥದ್ದು ಅಲ್ಲಿನ ಇಂಡಿಯನ್ ಸ್ಟೋರ್‌ಗಳಲ್ಲೂ ಸಿಗುತ್ತದೆ, ಹೊತ್ತುಕೊಂಡು ಹೋಗುವ ಮೊದಲು ಬೆಲೆ ಹೋಲಿಸಿ ನೋಡು. ಇಲ್ಲಿಂದಲೇ ಒಯ್ಯುವುದಾದರೆ ಚಟ್ನಿ ಜಾರಿಗೆ ಒಂದು ಹೆಚ್ಚಿನ ವಾಷರ್, ಎರಡು ಕಪ್ಲರ್ ಜೊತೆಗಿರಲಿ. ಅದೇ ಮಾಡೆಲ್‌ನದ್ದೇ ಇರಬೇಕು, ಅಂಗಡಿಯಲ್ಲೇ ಕೂರಿಸಿ ನೋಡಿ ತೆಗೆದುಕೋ.